ಜಾಹೀರಾತಿಗೆ ಸರ್ಕಾರದ ಅಂಕುಶ ಬೇಕೇ?

ಪ್ರಶ್ನೆ: ಸುಳ್ಳು ಜಾಹೀರಾತುಗಳ ಮೇಲೆ ಕಣ್ಣಿಡಲು ಉದ್ಯಮದವರದ್ದೇ ಒಂದು ಮಂಡಳಿ ಇದೆಯಂತೆ. ಹಾಗಿದ್ದ ಮೇಲೆ ಸರ್ಕಾರವೂ ನಡುವೆ ತಲೆ ಹಾಕಬೇಕೇ?

ಸರ್ಕಾರ ತಲೆ ಹಾಕಿ ಎಪ್ಪತ್ತು ವರ್ಷ ಕಳೆದಿದೆ. ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ಬಂದದ್ದು 1954ರಲ್ಲಿ. ಅದರ ಕೊನೆಯಲ್ಲೊಂದು ರೋಗಗಳ ಪಟ್ಟಿಯಿದೆ: ಕ್ಯಾನ್ಸರ್, ಮಧುಮೇಹ, ಪಾರ್ಶ್ವವಾಯು, ಕುರುಡುತನ, ಬೊಜ್ಜು, ಕೊನೆಗೆ ಮನುಷ್ಯನ ಎತ್ತರವೂ ಸೇರಿದೆ. ಇವುಗಳಿಗೆ ನಮ್ಮಲ್ಲಿ ಮದ್ದಿದೆ ಎಂದು ಜಾಹೀರಾತು ಕೊಡುವುದೇ ಅಪರಾಧ. ಬಸ್ ನಿಲ್ದಾಣದ ಗೋಡೆಗಳನ್ನು ಓದುತ್ತಾ ಬಸ್ಸಿಗೆ ಕಾದವರಿಗೆ ಈ ಕಾಯ್ದೆ ಎಷ್ಟರಮಟ್ಟಿಗೆ ಜಾರಿಯಲ್ಲಿದೆ ಎಂದು ನಾನು ಹೇಳಬೇಕಾಗಿಲ್ಲ.

ನೀವು ಹೇಳುವ ಮಂಡಳಿ 1985ರಲ್ಲಿ ಮುಂಬೈಯಲ್ಲಿ ಹುಟ್ಟಿದ ಭಾರತೀಯ ಜಾಹೀರಾತು ಗುಣಮಟ್ಟ ಮಂಡಳಿ, ಅಂದರೆ ಎಎಸ್‌ಸಿಐ. ಜಾಹೀರಾತು ಕೊಡುವವರು, ತಯಾರಿಸುವವರು, ಪ್ರಕಟಿಸುವವರು ಸೇರಿ ಕಟ್ಟಿಕೊಂಡದ್ದು. ಅದು ದೂರು ಕೇಳುತ್ತದೆ, ಪುರಾವೆ ತರಿಸುತ್ತದೆ, ಹಿಂತೆಗೆದುಕೊಳ್ಳಿ ಎನ್ನುತ್ತದೆ. ಅನೇಕ ದೊಡ್ಡ ಕಂಪನಿಗಳು ಕೇಳುತ್ತವೆ ಕೂಡ. ಆದರೆ ದಂಡ ಹಾಕುವ ಅಧಿಕಾರ ಅದಕ್ಕಿಲ್ಲ. ಹಬ್ಬದ ರಿಯಾಯಿತಿಯ ಜಾಹೀರಾತಿಗೆ ಆಯುಸ್ಸೇ ಒಂದು ವಾರ. ವಿಚಾರಣೆ ಮುಗಿಯುವ ಹೊತ್ತಿಗೆ ಸರಕೂ ಖಾಲಿ, ಜಾಹೀರಾತೂ ಮಾಯ.

ಆ ಕೊರತೆ ತುಂಬಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಮರುವರ್ಷ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಬಂತು. ಮೊದಲ ತಪ್ಪಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ. ಪ್ರಚಾರ ಮಾಡಿದ ತಾರೆಯರನ್ನು ಒಂದು ವರ್ಷ, ಮರುಕಳಿಸಿದರೆ ಮೂರು ವರ್ಷದವರೆಗೆ ಜಾಹೀರಾತಿನಿಂದ ದೂರ ಇಡಬಹುದು. ಐಎಎಸ್ ತರಬೇತಿ ಕೇಂದ್ರಗಳಿಗೆ ಇದರ ಬಿಸಿ ಮುಟ್ಟಿದೆ. ರ‍್ಯಾಂಕ್ ಪಡೆದ ಅನೇಕರು ಅಲ್ಲಿ ಕಲಿತದ್ದು ಉಚಿತ ಸಂದರ್ಶನ ತರಬೇತಿಯನ್ನಷ್ಟೇ. ಅವರ ಫೋಟೊ ಹಾಕಿ ಮಾರುತ್ತಿದ್ದದ್ದು ಲಕ್ಷಗಟ್ಟಲೆ ಶುಲ್ಕದ ಪೂರ್ಣ ಕೋರ್ಸನ್ನು. ಬೆಂಗಳೂರಿನ ವಿಜಯನಗರದಲ್ಲಿ ಬಾಡಿಗೆ ಕೋಣೆ ಹಿಡಿದು ಓದುವ ಹುಡುಗರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಹಾಗಾದರೆ ಸರ್ಕಾರವನ್ನೇ ನಂಬಿ ಕೂರಬಹುದೇ? 170ನೇ ನಿಯಮದ ಕಥೆ ಕೇಳಿ. ಆಯುರ್ವೇದ, ಸಿದ್ಧ, ಯುನಾನಿ ಔಷಧಗಳ ಜಾಹೀರಾತಿಗೆ ರಾಜ್ಯದ ಪರವಾನಗಿ ಅಧಿಕಾರಿಯ ಪೂರ್ವಾನುಮತಿ ಬೇಕು ಎಂದು 2018ರಲ್ಲಿ ಕೇಂದ್ರವೇ ಮಾಡಿದ ನಿಯಮವದು. 2023ರ ಆಗಸ್ಟ್‌ನಲ್ಲಿ ಆಯುಷ್ ಸಚಿವಾಲಯವೇ ರಾಜ್ಯಗಳಿಗೆ ಪತ್ರ ಬರೆದು, ಅದರಡಿ ಕ್ರಮ ಬೇಡ ಎಂದಿತು. ಅದೇ ಹೊತ್ತಿಗೆ ಪತಂಜಲಿಯ ಜಾಹೀರಾತುಗಳ ವಿರುದ್ಧ ಭಾರತೀಯ ವೈದ್ಯಕೀಯ ಸಂಘದ ಅರ್ಜಿ ಸುಪ್ರೀಂ ಕೋರ್ಟ್‌ನಲ್ಲಿತ್ತು. ಮುಂದಿನ ಏಪ್ರಿಲ್‌ನಲ್ಲಿ ಕಂಪನಿ ಪತ್ರಿಕೆಗಳಲ್ಲಿ ಕ್ಷಮೆ ಪ್ರಕಟಿಸಿದಾಗ, ಅದು ಜಾಹೀರಾತಿನಷ್ಟೇ ದೊಡ್ಡದಾಗಿದೆಯೇ ಎಂದು ನ್ಯಾಯಪೀಠ ಕೇಳಿತು. ಸೂಕ್ಷ್ಮದರ್ಶಕ ಹಿಡಿದು ಓದುವಂತಿರಬಾರದು ಎಂದಿತು. ಮರುದಿನವೇ ಕ್ಷಮೆ ದೊಡ್ಡದಾಯಿತು! ನಿಯಮಕ್ಕೆ ಮಾತ್ರ ಅಂಥ ಭಾಗ್ಯವಿರಲಿಲ್ಲ. 2024ರ ಜುಲೈನಲ್ಲಿ ಸಚಿವಾಲಯ ಅದನ್ನು ಕೈಬಿಟ್ಟಿತು, ಹಾಗೆ ಕೈಬಿಟ್ಟದ್ದಕ್ಕೆ ಕೋರ್ಟ್ ತಡೆ ನೀಡಿತು, 2025ರಲ್ಲಿ ಪ್ರಕರಣ ಮುಗಿಸುವಾಗ ಆ ತಡೆಯೂ ತೆರವಾಯಿತು.

ಇಷ್ಟಾದರೂ ಎಲ್ಲ ಜಾಹೀರಾತನ್ನೂ ಮೊದಲೇ ಸರ್ಕಾರದ ಮೇಜಿಗೆ ಕಳುಹಿಸುವುದನ್ನು ನಾನು ಒಪ್ಪುವುದಿಲ್ಲ. ವಾಣಿಜ್ಯದ ಮಾತಿಗೂ ಅಭಿವ್ಯಕ್ತಿ ಸ್ವಾತಂತ್ರ್ಯವಿದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ, ದೂರವಾಣಿ ಡೈರೆಕ್ಟರಿಯ ಹಳದಿ ಪುಟಗಳ ಜಗಳವೊಂದರಲ್ಲಿ ಹೇಳಿದೆ. ಅದು ಬಿಟ್ಟರೂ, ಕೆಲಸ ನಡೆಯುವುದಿಲ್ಲ. 2024ರ ಜೂನ್‌ನಲ್ಲಿ ಪ್ರತಿ ಹೊಸ ಜಾಹೀರಾತಿಗೂ, ಇದರಲ್ಲಿ ಸುಳ್ಳಿಲ್ಲ ಎಂಬ ಸ್ವಯಂಘೋಷಣೆ ಕಡ್ಡಾಯ ಎಂದು ಹೊರಟ ಕೇಂದ್ರ, ತಿಂಗಳೊಳಗೆ ಆಹಾರ ಮತ್ತು ಆರೋಗ್ಯದ ಜಾಹೀರಾತುಗಳಿಗೆ ಸಾಕು ಎಂದು ಇಳಿಯಿತು. ನನ್ನ ಲೆಕ್ಕದಲ್ಲಿ ಗೆರೆ ಎಳೆಯಬೇಕಾದದ್ದೂ ಅಲ್ಲೇ. ಸೀರೆಯ ಬಣ್ಣ ಹೋದರೆ ಮುಂದಿನ ಸಲ ಆ ಅಂಗಡಿಗೆ ಹೋಗುವುದಿಲ್ಲ, ಅಷ್ಟೇ. ಜಾಹೀರಾತು ನಂಬಿ ಇನ್ಸುಲಿನ್ ನಿಲ್ಲಿಸಿದವರಿಗೆ ಮುಂದಿನ ಸಲ ಎಂಬುದೇ ಇರಲಿಕ್ಕಿಲ್ಲ. ಅಲ್ಲಿ ಪೂರ್ವಾನುಮತಿ ಇರಬೇಕು. ಉಳಿದ ಕಡೆ ಪ್ರಕಟವಾದ ಮೇಲೆ ಬೇಗ ಬೀಳುವ ದಂಡ ಸಾಕು.

ದೂರು ಕೊಡುವುದಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅದಕ್ಕೂ ಮೊದಲು ಆ ಪುಟವನ್ನು ಕತ್ತರಿಸಿಟ್ಟುಕೊಳ್ಳಿ, ಮೊಬೈಲ್‌ನಲ್ಲಿ ಕಂಡದ್ದಾದರೆ ತಾರೀಖು ಕಾಣುವಂತೆ ಚಿತ್ರ ತೆಗೆದಿಡಿ. ನಾಳೆ ಹುಡುಕಿದರೆ ಅದು ಅಲ್ಲಿರುವುದಿಲ್ಲ.