ಗೊಂಚಲಿಗೆ ಬಿದ್ದ ಪುಟ್ಟ ಗ್ಯಾಲಕ್ಸಿಯ ಸುರುಳಿ ಅಳಿಸಿಹೋಗುತ್ತಾ?

ಪ್ರಶ್ನೆ: ಕುಬ್ಜ ಸುರುಳಿ ಗ್ಯಾಲಕ್ಸಿಗಳು ದೊಡ್ಡ ಗ್ಯಾಲಕ್ಸಿ ಗೊಂಚಲುಗಳಲ್ಲಿ ಸಿಗುವುದು ಅಪರೂಪ ಅಂತ ಓದಿದೆ. ಅಲ್ಲಿ ಅವುಗಳ ಸುರುಳಿಗೆ ಏನಾಗುತ್ತದೆ? – ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಮೊದಲು ಕಳೆದುಹೋಗುವುದು ಅನಿಲ. ಸುರುಳಿ ಉಳಿಯಬಹುದು, ಆದರೆ ಕಣ್ಣಿಗೆ ಬೀಳದ ಹಾಗೆ.

ಕಣದಲ್ಲಿ ಭತ್ತ ತೂರುವುದನ್ನು ನೆನೆಸಿಕೊಳ್ಳಿ. ಗೆರಸಿ ಎತ್ತಿ ಸುರಿದರೆ ಜೊಳ್ಳು ಹಾರುತ್ತದೆ, ಗಟ್ಟಿ ಕಾಳು ನೇರ ಕೆಳಗೆ ಬೀಳುತ್ತದೆ. ಗೊಂಚಲಿನಲ್ಲೂ ಹಾಗೇ. ಅಲ್ಲಿ ಗ್ಯಾಲಕ್ಸಿಗಳ ನಡುವೆ ಕೋಟಿಗಟ್ಟಲೆ ಡಿಗ್ರಿ ಕಾದ ತೆಳು ಅನಿಲ ತುಂಬಿದೆ. ಗ್ಯಾಲಕ್ಸಿ ಅದರೊಳಗೆ ಸೆಕೆಂಡಿಗೆ ಸಾವಿರ ಕಿಲೋಮೀಟರಿನ ಆಸುಪಾಸು ವೇಗದಲ್ಲಿ ನುಗ್ಗುತ್ತದೆ. ಗಾಳಿಯಿಲ್ಲದ ದಿನವೂ ಆಗುಂಬೆ ಘಾಟಿಯಲ್ಲಿ ಬೈಕ್ ಇಳಿಸಿದರೆ ಮುಖಕ್ಕೆ ರಾಚುತ್ತದೆ ಅಲ್ವಾ, ಅಂಥ ಗಾಳಿ ಇದು. ಗ್ಯಾಲಕ್ಸಿಯ ಸ್ವಂತ ಅನಿಲ ಹಿಂದಕ್ಕೆ ಹಾರಿಹೋಗುತ್ತದೆ. ನಕ್ಷತ್ರಗಳು ಗಟ್ಟಿ ಕಾಳು, ಜಗ್ಗುವುದಿಲ್ಲ. 1972ರಲ್ಲೇ ಖಗೋಳ ವಿಜ್ಞಾನಿಗಳಾದ ಜೇಮ್ಸ್ ಗನ್ ಮತ್ತು ರಿಚರ್ಡ್ ಗಾಟ್ ಇದರ ಲೆಕ್ಕ ಹಾಕಿದ್ದರು.

ಕುಬ್ಜರಿಗೆ ಪೆಟ್ಟು ಜಾಸ್ತಿ. ಅವುಗಳ ಗುರುತ್ವ ಕಡಿಮೆ, ಅನಿಲವನ್ನು ಹಿಡಿದಿಡಲು ಆಗುವುದಿಲ್ಲ. ಪಕ್ಕದಲ್ಲಿ ಹಾದುಹೋಗುವ ದೊಡ್ಡ ಗ್ಯಾಲಕ್ಸಿಗಳು ಬೇರೆ ಎಳೆದಾಡುತ್ತವೆ. ಅನಿಲ ಹೋದರೆ ಹೊಸ ನಕ್ಷತ್ರ ಹುಟ್ಟುವುದಿಲ್ಲ, ಸುರುಳಿಯ ತೋಳುಗಳ ನೀಲಿ ಹೊಳಪು ಆರುತ್ತದೆ.

ನನಗೆ ಬಹಳ ಇಷ್ಟವಾದ ಭಾಗ ಇಲ್ಲಿದೆ. ಕನ್ಯಾ ಗೊಂಚಲಿನಲ್ಲಿ ಐಸಿ 3328 ಎಂಬ ಕುಬ್ಜ ಗ್ಯಾಲಕ್ಸಿ ಇದೆ. ನೋಡಿದರೆ ಸುಮ್ನೆ ಒಂದು ನುಣುಪಾದ ಮಸುಕು. ಚಿಲಿಯ ವಿಎಲ್‌ಟಿ ದೂರದರ್ಶಕ ತೆಗೆದ ಚಿತ್ರದಿಂದ ಆ ನುಣುಪು ಬೆಳಕನ್ನು ಲೆಕ್ಕ ಹಾಕಿ ಕಳೆದಾಗ, 2000ದಲ್ಲಿ, ಅಡಿಯಲ್ಲಿ ಎರಡು ತೋಳಿನ ಸುರುಳಿ ಕಂಡಿತು! ಆ ಸುರುಳಿಯ ಬೆಳಕು ಗ್ಯಾಲಕ್ಸಿಯ ಬೆಳಕಿನ ನೂರರಲ್ಲಿ ಸುಮಾರು ಮೂರು ಪಾಲು, ಅಷ್ಟೇ. 2006ರ ಹೊತ್ತಿಗೆ ಅದೇ ಗೊಂಚಲಿನ 476 ಇಂಥ ಕುಬ್ಜಗಳನ್ನು ಜಾಲಾಡಿದರು. ನಲವತ್ತರ ಆಸುಪಾಸಿನಲ್ಲಿ ಚಪ್ಪಟೆ ತಟ್ಟೆಯ, ತೋಳಿನ ಕುರುಹು ಸಿಕ್ಕಿತು.

ಈ ಗೊಂಚಲು ಸುಮಾರು 5.4 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ, ಅದರಲ್ಲಿ 1,300ಕ್ಕೂ ಹೆಚ್ಚು ಗ್ಯಾಲಕ್ಸಿಗಳಿವೆ. ಎಲ್ಲಿದೆ ಅಂತ ಗುರುತಿಸುವುದು ನಮ್ಮ ಮಲೆನಾಡಿನವರಿಗೆ ಸುಲಭ. ಉತ್ತರೆ ಮಳೆಗೆ ಹೆಸರು ಕೊಟ್ಟ ಉತ್ತರಾ ನಕ್ಷತ್ರ ಗೊತ್ತಲ್ಲ, ಏಪ್ರಿಲ್ ರಾತ್ರಿ ಮೋಡ ಇಲ್ಲದಾಗ ಅದನ್ನು ಹುಡುಕಿ. ಕೈ ಚಾಚಿ ಮುಷ್ಟಿ ಹಿಡಿಯಿರಿ. ಉತ್ತರೆಯಿಂದ ಪೂರ್ವಕ್ಕೆ ಒಂದು ಮುಷ್ಟಿಯಷ್ಟು ಸರಿದರೆ ಗೊಂಚಲಿನ ನಡುಭಾಗ. ಬರಿಗಣ್ಣಿಗೆ ಏನೂ ಕಾಣುವುದಿಲ್ಲ. ಸಣ್ಣ ಟೆಲಿಸ್ಕೋಪ್ ಇದ್ದರೆ ಅಲ್ಲೊಂದು ಹತ್ತಿಯ ಎಳೆಯಂಥ ಮಸುಕು ಸಿಗುತ್ತದೆ. ಅದು ಎಂ87 ಎಂಬ ಗ್ಯಾಲಕ್ಸಿ. 2019ರಲ್ಲಿ ಕಪ್ಪುಕುಳಿಯ ಮೊದಲ ಚಿತ್ರ ಬಂತಲ್ಲ, ಅದು ಇದರ ಒಡಲಿನದೇ.