ಎಣಿಕೆಯ ಪುಸ್ತಕ ಯಾರ ಕೈಗೆ? ಬ್ರಿಟನ್ನಿನ ಸಾರಿಗೆ ದತ್ತಿಗಳು ಮುಚ್ಚುವುದರ ಹಿನ್ನೆಲೆ

1961ರ ಏಪ್ರಿಲ್‌ನಲ್ಲಿ ಬ್ರಿಟಿಷ್ ರೈಲ್ವೆ ತನ್ನ ಜಾಲದಾದ್ಯಂತ ಸಂಚಾರದ ಎಣಿಕೆ ನಡೆಸಿತು. ಒಂದೇ ವಾರದ ಎಣಿಕೆ, 23ನೇ ತಾರೀಖಿಗೆ ಮುಗಿದುಹೋಯಿತು. ಆ ಅಂಕಿಗಳನ್ನೂ ಆಧರಿಸಿ ಬ್ರಿಟಿಷ್ ರೈಲ್ವೆ ಮಂಡಳಿಯ ಅಧ್ಯಕ್ಷ ರಿಚರ್ಡ್ ಬೀಚಿಂಗ್ 1963ರಲ್ಲಿ ಕೊಟ್ಟ ವರದಿ 2,363 ನಿಲ್ದಾಣಗಳನ್ನೂ ಸುಮಾರು 5,000 ಮೈಲಿ ಮಾರ್ಗವನ್ನೂ ಮುಚ್ಚಲು ಹೇಳಿತು. ಬೇಸಿಗೆ ರಜೆಯಲ್ಲಿ ಕಾಲಿಡಲು ಜಾಗವಿಲ್ಲದ ಕಡಲತೀರದ ಮಾರ್ಗಗಳು ಏಪ್ರಿಲ್‌ನಲ್ಲಿ ಖಾಲಿ ಓಡುವುದು ಸಹಜ. ಹಾಗೆಂದು ಆಕ್ಷೇಪಿಸಿದವರ ಕೈಯಲ್ಲಿ ದೇಶದಗಲದ ಇನ್ನೊಂದು ಎಣಿಕೆ ಇರಲಿಲ್ಲ.

ರೈಲು, ಬಸ್, ಸೈಕಲ್‌ನಂಥ ಸುಸ್ಥಿರ ಸಾರಿಗೆಯ ಪರ ನಿಲ್ಲುವ ದತ್ತಿ ಸಂಸ್ಥೆಗಳು ಯಾಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಅಂಥದ್ದೊಂದು ದತ್ತಿ ಮುಚ್ಚಿದರೆ ಅದು ಹಿಡಿದಿಟ್ಟ ಎಣಿಕೆ ಯಾರ ಕೈಗೆ ಹೋಗುತ್ತದೆ ಎಂಬುದು ಅದರ ಹಿಂದೆಯೇ ಬರುವ ಪ್ರಶ್ನೆ. 1970ರ ದಶಕದ ಆರಂಭದಲ್ಲಿ ಮತ್ತೊಂದು ಸುತ್ತಿನ ಕಡಿತದ ಭಯ ಎದ್ದಾಗ, ರೈಲ್ವೆ ಕಾರ್ಮಿಕ ಸಂಘದ ಬೆಂಬಲದಿಂದ ‘ಟ್ರಾನ್ಸ್‌ಪೋರ್ಟ್ 2000’ ಹುಟ್ಟಿತು. 2007ರಲ್ಲಿ ಅದರ ಹೆಸರು ‘ಕ್ಯಾಂಪೇನ್ ಫಾರ್ ಬೆಟರ್ ಟ್ರಾನ್ಸ್‌ಪೋರ್ಟ್’ ಎಂದು ಬದಲಾಯಿತು. 1977ರಲ್ಲಿ ಬ್ರಿಸ್ಟಲ್‌ನಲ್ಲಿ ಶುರುವಾದ ಸೈಕಲ್ ಸವಾರರ ಗುಂಪು ಮುಂದೆ ‘ಸಸ್ಟ್ರಾನ್ಸ್’ ಆಗಿ ಬೆಳೆಯಿತು.

ಈ ಸಂಸ್ಥೆಗಳು ಎದುರಿಸಬೇಕಿದ್ದ ಅಂಕಿಗಳು ಸಣ್ಣವಲ್ಲ. ರೈಲ್ವೆಯ ಹಣಕಾಸು ಕುರಿತ 1983ರ ಸರ್ಪೆಲ್ ವರದಿಯ ಒಂದು ಆಯ್ಕೆಯ ಪ್ರಕಾರ ದೇಶಕ್ಕೆಲ್ಲ ಉಳಿಯುತ್ತಿದ್ದುದು 1,630 ಮೈಲಿ ರೈಲು ಮಾರ್ಗ. 1989ರ ಸರ್ಕಾರಿ ಮುನ್ನಂದಾಜು, 2025ರ ಹೊತ್ತಿಗೆ ರಸ್ತೆ ಸಂಚಾರ ಶೇ 83ರಿಂದ 142ರಷ್ಟು ಏರುತ್ತದೆ ಎಂದಿತು. ಅದನ್ನೇ ಹಿಡಿದು ದೊಡ್ಡ ರಸ್ತೆ ಯೋಜನೆ ಸಿದ್ಧವಾಯಿತು. ಹೊಸ ರಸ್ತೆಯೇ ಹೊಸ ಸಂಚಾರವನ್ನು ಹುಟ್ಟಿಸುತ್ತದೆ ಎಂಬ ವಾದವನ್ನು ಸರ್ಕಾರದ್ದೇ ಸಲಹಾ ಸಮಿತಿ ‘ಸಾಕ್ಟ್ರಾ’ 1994ರಲ್ಲಿ ಎತ್ತಿಹಿಡಿಯಿತು.

ಎಣಿಕೆಯ ಕೆಲಸ ಅತಿ ಕಷ್ಟವಾಗಿದ್ದು ಬಸ್ಸಿನ ವಿಷಯದಲ್ಲಿ. 1985ರ ಸಾರಿಗೆ ಕಾಯ್ದೆಯಿಂದಾಗಿ 1986ರ ಅಕ್ಟೋಬರ್ 26ರಂದು ಲಂಡನ್ ಬಿಟ್ಟು ಗ್ರೇಟ್ ಬ್ರಿಟನ್ನಿನ ಉಳಿದೆಡೆ ಬಸ್ ಓಡಾಟ ಕಂಪನಿಗಳ ಇಷ್ಟಕ್ಕೆ ಬಿಟ್ಟುಹೋಯಿತು. ಲಾಭವಿಲ್ಲದ, ಆದರೆ ಜನಕ್ಕೆ ಬೇಕಾದ ಮಾರ್ಗಗಳನ್ನು ಸ್ಥಳೀಯ ಆಡಳಿತ ಟೆಂಡರ್ ಕರೆದು ದುಡ್ಡು ಕೊಟ್ಟು ಓಡಿಸಬಹುದು. ಆದರೆ ಇಂತಿಷ್ಟು ಬಸ್ ಇರಲೇಬೇಕು ಎಂಬ ಕಟ್ಟುಪಾಡಿಲ್ಲ. 2010ರ ನಂತರ ಅನುದಾನ ಕುಗ್ಗಿದಾಗ ಕತ್ತರಿ ಬಿದ್ದ ಬಾಬ್ತುಗಳಲ್ಲಿ ಈ ಟೆಂಡರ್ ಹಣವೂ ಒಂದು.

ಇದರ ಲೆಕ್ಕ ಹಿಡಿಯುವ ದಾರಿ ಮಾಹಿತಿ ಹಕ್ಕು ಅರ್ಜಿ. ಪ್ರತಿ ಆಡಳಿತಕ್ಕೂ ಪ್ರತಿ ವರ್ಷ ಅದೇ ಪ್ರಶ್ನೆ ಹೋಗಬೇಕು. ಉತ್ತರಕ್ಕೆ 20 ಕೆಲಸದ ದಿನಗಳ ಗಡುವು. ಹುಡುಕಲು 18 ಗಂಟೆಗಿಂತ ಹೆಚ್ಚು ಹಿಡಿಯುವಂತಿದ್ದರೆ, ಅಂದರೆ ಗಂಟೆಗೆ 25 ಪೌಂಡ್‌ನಂತೆ ಖರ್ಚು 450 ಪೌಂಡ್ ದಾಟಿದರೆ, ಅರ್ಜಿಯನ್ನು ತಳ್ಳಿಹಾಕಬಹುದು. ಹಾಗಾಗಿ ಪ್ರಶ್ನೆ ಕಿರಿದಾಗಿರಬೇಕು: ಮಾರ್ಚ್ 31ಕ್ಕೆ ಮುಗಿದ ವರ್ಷದಲ್ಲಿ ಟೆಂಡರ್ ಮಾರ್ಗಗಳಿಗೆ ಕೊಟ್ಟ ನಿವ್ವಳ ಹಣ ಎಷ್ಟು, ನಿಲ್ಲಿಸಿದ ಮಾರ್ಗ ಎಷ್ಟು, ಓಡಾಟ ಕಡಿಮೆ ಮಾಡಿದ್ದು ಎಷ್ಟು. ಇಷ್ಟಾದರೂ ಉತ್ತರಗಳು ಒಂದಕ್ಕೊಂದು ಕೂಡುವುದಿಲ್ಲ. ಒಬ್ಬರು ಟಿಕೆಟ್ ಹಣ ಕಳೆದು ಹೇಳುತ್ತಾರೆ, ಇನ್ನೊಬ್ಬರು ಕಳೆಯದೆ. ಒಬ್ಬರು ಶಾಲಾ ಬಸ್ ಸೇರಿಸಿದರೆ ಇನ್ನೊಬ್ಬರು ಹಿರಿಯರ ಉಚಿತ ಪಾಸಿನ ಬಾಬ್ತನ್ನೂ ಅದರಲ್ಲೇ ತುರುಕುತ್ತಾರೆ. ಇದನ್ನೆಲ್ಲ ಫೋನ್ ಮಾಡಿ ಕೇಳಿ, ಪ್ರತಿ ಸಾಲಿನ ಪಕ್ಕ ಟಿಪ್ಪಣಿ ಬರೆದಿಟ್ಟರೆ ಮಾತ್ರ ಹತ್ತು ವರ್ಷಗಳ ಅಂಕಿಗಳನ್ನು ಹೋಲಿಸಲು ಬರುತ್ತದೆ.

ಈ ನಿರಂತರ ಕೆಲಸಕ್ಕೆ ದುಡ್ಡು ಹುಟ್ಟುವುದು ಬಹಳ ಕಷ್ಟ. ಪ್ರತಿಷ್ಠಾನಗಳು ಕೊಡುವ ಹಣದಲ್ಲಿ ಬಹುಪಾಲು ಒಂದು ಯೋಜನೆಗೆ ಕಟ್ಟಿದ ಹಣ. ಎರಡು ಮೂರು ವರ್ಷಕ್ಕೆ ಮುಗಿಯುತ್ತದೆ, ಬೇರೆ ಬಾಬ್ತಿಗೆ ಮುಟ್ಟುವಂತಿಲ್ಲ. ಹೊಸ ವರದಿಗೆ ಅನುದಾನ ಸಿಗುತ್ತದೆ, ಹಳೆಯ ಲೆಕ್ಕವನ್ನು ಮುಂದುವರಿಸಲು ಸಿಗುವುದಿಲ್ಲ. ಇದು ತಪ್ಪು ಎಂದು ನೇರವಾಗಿ ಹೇಳಲೇಬೇಕು. ಇದರ ಮೇಲೆ 2025ರ ಏಪ್ರಿಲ್‌ನಿಂದ ಸಂಬಳದ ಮೇಲೆ ಉದ್ಯೋಗದಾತರು ಸರ್ಕಾರಕ್ಕೆ ಕಟ್ಟುವ ರಾಷ್ಟ್ರೀಯ ವಿಮೆ ಶೇ 13.8ರಿಂದ 15ಕ್ಕೆ ಏರಿತು, ವಿಮೆ ಶುರುವಾಗುವ ಸಂಬಳದ ಮಿತಿ 9,100ರಿಂದ 5,000 ಪೌಂಡ್‌ಗೆ ಇಳಿಯಿತು. ವರ್ಷಕ್ಕೆ 35,000 ಪೌಂಡ್ ಸಂಬಳದ ಒಬ್ಬ ಸಂಶೋಧಕರ ಮೇಲೆ ಸುಮಾರು 926 ಪೌಂಡ್ ಹೆಚ್ಚು ಖರ್ಚು. ಈ ವಿಮೆಯಲ್ಲಿ ಉದ್ಯೋಗದಾತರಿಗೆ ವರ್ಷಕ್ಕೆ ಸಿಗುವ ವಿನಾಯಿತಿಯೂ 5,000ದಿಂದ 10,500 ಪೌಂಡ್‌ಗೆ ಏರಿದ್ದರಿಂದ ಇಂಥ ಆರು ಜನರಿರುವಲ್ಲಿ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ. ಏಳನೆಯವರಿಂದ ಮುಂದಕ್ಕೆ ಹೆಚ್ಚಿನ ಹಣವನ್ನು ಸಂಸ್ಥೆ ಕೈಯಿಂದ ಕಟ್ಟಬೇಕು.

ಮುಚ್ಚುವ ತೀರ್ಮಾನವನ್ನು ಟ್ರಸ್ಟಿಗಳು ದುಡ್ಡು ಇನ್ನೂ ಇರುವಾಗಲೇ ತೆಗೆದುಕೊಳ್ಳಬೇಕಾಗುತ್ತದೆ. ನೋಟಿಸ್ ಅವಧಿಯ ಸಂಬಳ, ಎರಡು ವರ್ಷ ದಾಟಿದ ನೌಕರರಿಗೆ ಪರಿಹಾರ, ಕಚೇರಿಯ ಗುತ್ತಿಗೆ, ಕೊನೆಯ ಲೆಕ್ಕಪರಿಶೋಧನೆ ಎಲ್ಲಕ್ಕೂ ಮೀಸಲು ನಿಧಿ ಸಾಲಬೇಕು. ಹಳೆಯ ಮಾದರಿಯ ಸಾಮೂಹಿಕ ಪಿಂಚಣಿ ಯೋಜನೆಯಲ್ಲಿದ್ದರೆ, ಹೊರಬರುವಾಗ ತಮ್ಮ ಪಾಲಿನ ಕೊರತೆಯನ್ನು ಒಂದೇ ಗಂಟಿನಲ್ಲಿ ತುಂಬಬೇಕಾಗಬಹುದು. ಎಷ್ಟೋ ಟ್ರಸ್ಟಿಗಳು ಬೆಚ್ಚಿಬೀಳುವುದು ಈ ಅಂಕಿ ನೋಡಿದಾಗ. ಯೋಜನೆಗೆ ಕಟ್ಟಿದ ಹಣ ಉಳಿದಿದ್ದರೆ ಕೊಟ್ಟವರನ್ನು ಕೇಳಬೇಕು, ಇಲ್ಲವೇ ಹಿಂತಿರುಗಿಸಬೇಕು. ಮಿಕ್ಕಿದ್ದು ಅದೇ ಉದ್ದೇಶದ ಇನ್ನೊಂದು ದತ್ತಿಗೆ ಸೇರುತ್ತದೆ.

ಹಣದ ವಿಷಯದಲ್ಲಿ ಕಾನೂನು ಇಷ್ಟು ಬಿಗಿ. ದತ್ತಾಂಶದ ವಿಷಯದಲ್ಲಿ ಮಾತ್ರ ಎಲ್ಲವೂ ಟ್ರಸ್ಟಿಗಳ ನೆನಪಿನ ಮೇಲೆ ನಿಂತಿದೆ. ಹಣಕಾಸಿನ ಪುಸ್ತಕಗಳನ್ನು 6 ವರ್ಷ ಇಡಬೇಕೆಂಬ ನಿಯಮವಿದೆ, ಬಸ್ ಮಾರ್ಗಗಳ ಪಟ್ಟಿಗೆ ಅಂಥದ್ದಿಲ್ಲ. ಕಂಪನಿಯಾಗಿ ನೋಂದಾಯಿತವಾದ ದತ್ತಿಯ ಹೆಸರು ರಿಜಿಸ್ಟರಿನಿಂದ ಅಳಿಸುವ ಮೊದಲು ವರದಿಗಳ ಹಕ್ಕುಸ್ವಾಮ್ಯವನ್ನು ಯಾರಿಗೂ ವರ್ಗಾಯಿಸದಿದ್ದರೆ, ವಾರಸುದಾರರಿಲ್ಲದ ಆಸ್ತಿಯಂತೆ ಅದು ರಾಜಸತ್ತೆಗೆ ಹೋಗುತ್ತದೆ. ಜನರು ಬರೆದುಕೊಟ್ಟ ಪ್ರಯಾಣದ ದಿನಚರಿಗಳಿದ್ದರೆ, ಹೆಸರು ವಿಳಾಸ ತೆಗೆಯದೆ, ಸಂಶೋಧನೆಗೆ ಹಂಚಲು ಒಪ್ಪಿಗೆ ಪಡೆದ ದಾಖಲೆಯಿಲ್ಲದೆ ಬೇರೆಯವರಿಗೆ ಕೊಡುವುದು ಕಷ್ಟ. ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ 1967ರಿಂದ ದತ್ತಾಂಶ ಭಂಡಾರವಿದೆ. ಅಲ್ಲಿಗೆ ಒಪ್ಪಿಸಲು ಸಿದ್ಧಪಡಿಸುವುದು ಎಷ್ಟೋ ವಾರಗಳ ಕೆಲಸ, ಅದನ್ನು ಮಾಡಬೇಕಾದವರು ಅಷ್ಟರಲ್ಲಿ ನೋಟಿಸ್ ಅವಧಿಯಲ್ಲಿರುತ್ತಾರೆ.

ಮೊದಲು ಉಳಿಸಬೇಕಾದ್ದು ಹೊಳಪಿನ ವರದಿಗಳಲ್ಲ, ಕೋಷ್ಟಕದ ಅಂಚಿನ ಟಿಪ್ಪಣಿಗಳು. 2021ರ ಏಪ್ರಿಲ್ 1ರಂದು ನಾರ್ಥಾಂಪ್ಟನ್‌ಶೈರ್ ಕೌಂಟಿ ಆಡಳಿತ ರದ್ದಾಗಿ ಉತ್ತರ, ಪಶ್ಚಿಮ ಎಂದು ಎರಡಾಯಿತು. 2023ರಲ್ಲಿ ಕಂಬ್ರಿಯಾ ಕೂಡ ಎರಡಾಯಿತು. ಇದನ್ನು ಹೇಳುವ ಒಂದು ಸಾಲಿನ ಟಿಪ್ಪಣಿ ಕಳೆದುಹೋದರೆ, ಮುಂದೆ ಆ ಹಾಳೆ ತೆರೆದವರಿಗೆ ಕಾಣುವುದು ಬಸ್ಸಿನ ಖರ್ಚು ಸೊನ್ನೆಗೆ ಇಳಿದ ಎರಡು ಕೌಂಟಿಗಳು.