ಎಲ್‌ಪಿಎನ್ ಮುಗಿಸಿದರೆ ಆರ್‌ಎನ್ ಓದು ಅರ್ಧ ಮುಗಿದಂತೆಯೇ?

ಪ್ರಶ್ನೆ: ಮದುವೆಯಾಗಿ ಅಮೆರಿಕಕ್ಕೆ ಬಂದಿದ್ದೇನೆ, ನರ್ಸಿಂಗ್ ಓದುವ ಆಸೆಯಿದೆ. ಒಂದು ವರ್ಷದ ಪ್ರಾಕ್ಟಿಕಲ್ ನರ್ಸಿಂಗ್ (ಎಲ್‌ಪಿಎನ್, ಅಂದರೆ ಲೈಸೆನ್ಸ್ಡ್ ಪ್ರಾಕ್ಟಿಕಲ್ ನರ್ಸ್ ಆಗುವ ಓದು) ಮುಗಿಸಿಕೊಂಡರೆ ರಿಜಿಸ್ಟರ್ಡ್ ನರ್ಸಿಂಗ್‌ನ (ಆರ್‌ಎನ್) ಅರ್ಧ ಪಾಠ ಮುಗಿದಂತೆಯೇ?

ಉತ್ತರ: ಇಲ್ಲ. ಔಷಧಶಾಸ್ತ್ರ, ತಾಯಿ-ಮಗುವಿನ ಆರೈಕೆ, ವಯಸ್ಕರ ಕಾಯಿಲೆಗಳು ಎಂದು ಎರಡೂ ಕಡೆ ವಿಷಯಗಳ ಹೆಸರು ಹೆಚ್ಚುಕಡಿಮೆ ಒಂದೇ ಇರುವುದರಿಂದ ಹಾಗೆ ಅನ್ನಿಸುತ್ತದೆ. ವ್ಯತ್ಯಾಸ ಇರುವುದು ಪಾಠದ ಆಳದಲ್ಲಿ.

ಹೃದಯ ವೈಫಲ್ಯದ ರೋಗಿಗೆ ಬಡಿತವನ್ನು ನಿಧಾನಗೊಳಿಸುವ ಡಿಗಾಕ್ಸಿನ್ ಮಾತ್ರೆ ಕೊಡುವುದನ್ನೇ ನೋಡಿ. ಮೊದಲು ಎದೆಗೆ ಸ್ಟೆತೊಸ್ಕೋಪ್ ಇಟ್ಟು ಪೂರ್ತಿ ಒಂದು ನಿಮಿಷ ಬಡಿತ ಎಣಿಸಬೇಕು. ವಯಸ್ಕರಲ್ಲಿ 60ಕ್ಕಿಂತ ಕಡಿಮೆಯಿದ್ದರೆ ಮಾತ್ರೆ ತಡೆಹಿಡಿದು ತಿಳಿಸಬೇಕಾದವರಿಗೆ ತಿಳಿಸಬೇಕು. ಇಷ್ಟನ್ನು ಇಬ್ಬರೂ ಕಲಿಯುತ್ತಾರೆ. ಆರ್‌ಎನ್ ತರಗತಿ ಅಲ್ಲಿಗೆ ಬಿಡುವುದಿಲ್ಲ. ಅದೇ ರೋಗಿ ಮೂತ್ರ ಹೆಚ್ಚಿಸುವ ಫ್ಯೂರೊಸೆಮೈಡ್ ಕೂಡ ನುಂಗುತ್ತಿದ್ದರೆ ದೇಹದ ಪೊಟ್ಯಾಸಿಯಂ ಇಳಿಯಬಹುದು. ಅದು ಇಳಿದರೆ ಎಂದಿನ ಪ್ರಮಾಣದ ಡಿಗಾಕ್ಸಿನ್ ಕೂಡ ವಿಷವಾಗಬಲ್ಲದು. ರಕ್ತಪರೀಕ್ಷೆಯ ವರದಿ, ಹೃದಯ ಬಡಿತ, ರೋಗಿ ಹೇಳುವ ವಾಕರಿಕೆ, ಇವನ್ನೆಲ್ಲ ಜೋಡಿಸಿ ಆರೈಕೆಯ ಯೋಜನೆ ಬರೆಯುವ ಹೊಣೆ ಆರ್‌ಎನ್‌ಗಳದು. ಎಲ್‌ಪಿಎನ್‌ಗಳು ಕಂಡದ್ದನ್ನು ದಾಖಲಿಸುತ್ತಾರೆ, ಆ ಯೋಜನೆಗೆ ನೆರವಾಗುತ್ತಾರೆ. ಇದನ್ನು ಕೀಳು ಕೆಲಸವೆಂದು ಯಾರೂ ಎಣಿಸಬಾರದು. ವೃದ್ಧರ ಆರೈಕೆ ಕೇಂದ್ರಗಳಲ್ಲಿ ಹೊತ್ತುಹೊತ್ತಿಗೆ ಮಾತ್ರೆ ಕೊಟ್ಟು, ಗಾಯಕ್ಕೆ ಪಟ್ಟಿ ಕಟ್ಟುವ ಕೈಗಳು ಬಹುಮಟ್ಟಿಗೆ ಇವರವೇ.

ಆ ಆಳಕ್ಕೆ ತಳಹದಿ ಬೇಕಲ್ಲ? ಹೀಗಾಗಿ ಆರ್‌ಎನ್ ಸೇರುವ ಮೊದಲೇ ಸಾಮಾನ್ಯವಾಗಿ ಪ್ರಯೋಗಾಲಯ ಸಮೇತ ಎರಡು ಸೆಮಿಸ್ಟರ್ ಅಂಗರಚನೆ ಮತ್ತು ಶರೀರಕ್ರಿಯಾಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಮನಃಶಾಸ್ತ್ರ ಓದಿರಬೇಕು. ಅನಂತರ ಎರಡು ವರ್ಷದ ಅಸೋಸಿಯೇಟ್ ಪದವಿ. ನಾಲ್ಕು ವರ್ಷದ ನರ್ಸಿಂಗ್ ಪದವಿಯಾದ ಬಿಎಸ್‌ಎನ್ ಆದರೆ ಸಮುದಾಯ ಆರೋಗ್ಯ, ಸಂಶೋಧನೆ, ನಾಯಕತ್ವವೂ ಸೇರುತ್ತವೆ. ಪರವಾನಗಿ ಪರೀಕ್ಷೆಗಳೂ ಬೇರೆ: ಎನ್‌ಕ್ಲೆಕ್ಸ್-ಪಿಎನ್ ಮತ್ತು ಎನ್‌ಕ್ಲೆಕ್ಸ್-ಆರ್‌ಎನ್. ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ಗಳಲ್ಲಿ ಎಲ್‌ಪಿಎನ್ ಬದಲು ಎಲ್‌ವಿಎನ್ ಎನ್ನುತ್ತಾರೆ; ಗಲಿಬಿಲಿಯಾಗಬೇಡಿ.

ಎಲ್‌ಪಿಎನ್ ಆದವರಿಗೆ ಆರ್‌ಎನ್‌ಗೆ ಏರಿಸುವ ಬ್ರಿಡ್ಜ್ ಕೋರ್ಸ್‌ಗಳಿವೆ. ಆದರೆ ಪ್ರಾಕ್ಟಿಕಲ್ ನರ್ಸಿಂಗ್‌ನ ಸಂಕ್ಷಿಪ್ತ ಅಂಗರಚನಾ ಪಾಠವನ್ನು ಅಲ್ಲಿ ಹಲವೆಡೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಮತ್ತೆ ಓದಬೇಕಾಗುತ್ತದೆ. ಬೇಗ ದುಡಿಯಲೇಬೇಕಾದ ಒತ್ತಡವಿಲ್ಲದಿದ್ದರೆ ನೇರ ಆರ್‌ಎನ್ ದಾರಿಯೇ ಮೇಲು ಎಂಬುದು ನನ್ನ ಅಭಿಪ್ರಾಯ. ಒತ್ತಡವಿದ್ದರೆ ಎಲ್‌ಪಿಎನ್ ಸೇರಿ, ಆದರೆ ಅಂಗರಚನೆಯನ್ನು ಮಾತ್ರ ಕಮ್ಯುನಿಟಿ ಕಾಲೇಜಿನ (ಎರಡು ವರ್ಷದ ಸ್ಥಳೀಯ ಕಾಲೇಜು) ಪೂರ್ಣ ಕೋರ್ಸ್ ಆಗಿಯೇ ಓದಿ. ಶುಲ್ಕ ಕಟ್ಟುವ ಮುನ್ನ, ಮುಂದೆ ಸೇರಬೇಕೆಂದಿರುವ ಆರ್‌ಎನ್ ಕಾಲೇಜಿಗೇ ಬರೆದು, ಯಾವ ಯಾವ ಕ್ರೆಡಿಟ್ ಒಪ್ಪುತ್ತಾರೆಂದು ಲಿಖಿತವಾಗಿ ತರಿಸಿಕೊಳ್ಳಿ.